ಎಡಕ್ಕೆ ಸುತ್ತಿದ ಏಣಿ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರು ಯಾರು ಎಂದು ಕೇಳಿದರೆ ಜನ ಬೊಂಬೆ ಮಾರುವವರ ಹೆಸರು ಹೇಳುತ್ತಾರೆ. ತಪ್ಪೇನಿಲ್ಲ. ಮಾರುವವರಿಗೆ ಹೆದ್ದಾರಿಯ ಪಕ್ಕ ಬೋರ್ಡಿದೆ, ಬೋರ್ಡಿಗೆ ಲೈಟಿದೆ. ಮಾಡುವವರಿಗೆ ಓಣಿಯಿದೆ. ಆ ಓಣಿಯಲ್ಲಿ ಕಾರು ತಿರುಗುವುದಿಲ್ಲ. ಹಾಗಾಗಿ ಹೆಸರೂ ಅಲ್ಲಿಂದ ಹೊರಗೆ ಬರುವುದಿಲ್ಲ.

ಅಂಥ ಒಂದು ಓಣಿಯ ಕೊನೆಯ ಮನೆ ಹಬೀಬ್ ಸಾಬರದು. ವಯಸ್ಸು ಅರವತ್ತು ದಾಟಿದೆ. ಮನೆಯ ಮುಂದಿನ ಕೋಣೆಯಲ್ಲೇ ಲೇತು. ಬೆಳಗ್ಗೆಯಿಂದ ಸಂಜೆಯವರೆಗೆ ಆಲೆ ಮರದ ತುಂಡನ್ನು ಅದಕ್ಕೆ ಸಿಕ್ಕಿಸಿ, ಉಳಿ ಹಿಡಿದು ದುಂಡಗೆ ಮಾಡಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಕರಗಿ ಹತ್ತಿದ ಬಣ್ಣವನ್ನು ತಾಳೆಗರಿಯಲ್ಲಿ ತಿಕ್ಕಿ ಹೊಳಪು ತರಿಸುವುದು ಅವರ ಕೆಲಸ. ಮೈಮೇಲೆ ಸದಾ ಮರದ ಪುಡಿ. ನಾನು ಅವರನ್ನು ಪುಡಿ ಸಹಿತವೇ ನೋಡಿ ಅಭ್ಯಾಸವಾದವನು. ಒಂದು ರಂಜಾನ್ ದಿನ ಬಿಳಿ ಜುಬ್ಬಾ ತೊಟ್ಟು ಎದುರಿಗೆ ಬಂದಾಗ ಯಾರೋ ದೊಡ್ಡ ಮನುಷ್ಯರೆಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

"ನಾನೇ ಮೇಷ್ಟ್ರೇ. ಇವತ್ತು ಪಾಲಿಶ್ ಆಗೈತೆ ಅಷ್ಟೆ" ಎಂದರು.

ನಾನು ಅಲ್ಲೇ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಹಬೀಬ್ ಸಾಬರೂ ಅದೇ ಆವರಣದಲ್ಲಿ ಏಳನೇ ಕ್ಲಾಸಿನವರೆಗೆ ಓದಿದವರು. ಆ ವರ್ಷ ಅವರ ಅಪ್ಪ ತೀರಿಕೊಂಡರು; ಅಪ್ಪನ ಉಳಿ ಖಾಲಿ ಕೂತಿತ್ತು, ಮಗ ಬಂದು ಹಿಡಿದ. ಅಂದಿನಿಂದ ಇಂದಿನವರೆಗೆ ಅವರ ಕೈಯಿಂದ ಹೊರಟ ಕುದುರೆ, ಗಿಲಕಿ, ಬುಗುರಿ, ಮಣಿಗಳಿಗೆ ಲೆಕ್ಕವಿಲ್ಲ. ಒಂದರ ಮೇಲೂ ಅವರ ಹೆಸರಿಲ್ಲ. ಎಲ್ಲವೂ ದೇವರಾಜು ಅವರ ಹೆದ್ದಾರಿ ಅಂಗಡಿಗೆ ಹೋಗಿ, ತಳಕ್ಕೆ ದೇವರಾಜು ಅವರ ಚೀಟಿ ಅಂಟಿಸಿಕೊಂಡು ಲೋಕಸಂಚಾರಕ್ಕೆ ಹೊರಡುತ್ತವೆ. ಈ ದೇವರಾಜು ನಮ್ಮ ಶಾಲಾ ಸಮಿತಿಯ ಅಧ್ಯಕ್ಷರೂ ಹೌದು.

ಸಾಬರಿಗೆ ಅದರ ಬಗ್ಗೆ ಕೋಪವಿರಲಿಲ್ಲ. ಇದ್ದದ್ದು ಒಂದೇ ಒಂದು ಆಸೆ. ಮೊಮ್ಮಗಳು ಮೆಹ್ರೀನಳನ್ನು ಎಂಟನೇ ಕ್ಲಾಸಿಗೆ ಸೇರಿಸಲು ಬಂದ ದಿನ ಶಾಲೆಯ ಪಡಸಾಲೆಯಲ್ಲಿ ಅರ್ಧ ಗಂಟೆ ಗೋಡೆ ನೋಡುತ್ತಾ ನಿಂತರು. ನಮ್ಮ ಶಾಲೆಯ ಗೋಡೆಯೇನು ಸಾಮಾನ್ಯವೇ? ನಲ್ಲಿ ಕೊಟ್ಟವರ ಹೆಸರು ನಲ್ಲಿಯ ಮೇಲೆ, ಗಡಿಯಾರ ಕೊಟ್ಟವರದು ಗಡಿಯಾರದ ಮೇಲೆ.

"ಫ್ಯಾನ್ ಕೊಟ್ಟೋರ ಹೆಸರು ರೆಕ್ಕೆ ಮೇಲೇ ಬರೆದವ್ರಲ್ಲ ಮೇಷ್ಟ್ರೇ, ತಿರುಗುವಾಗ ಓದೋದು ಹೆಂಗೆ?"

"ಕರೆಂಟು ಹೋದಾಗ ಓದ್ಕೊಬೇಕು."

"ಹಂಗಾದ್ರೆ ದಿನಾ ಓದಬೌದು" ಎಂದು ನಕ್ಕರು. ಆಮೇಲೆ ದನಿ ತಗ್ಗಿಸಿ, "ಈ ಸ್ಕೂಲಲ್ಲಿ ನಂದೂ ಒಂದು ಹೆಸರಿದ್ದಿದ್ರೆ... ಹಾಜರಿ ಪುಸ್ತಕದಾಗೆ ಇದ್ದಿದ್ದೂ ಗೆರೆ ಹೊಡೆದು ತೆಗೆದುಬುಟ್ರು" ಎಂದರು.

ಎರಡು ವರ್ಷದ ನಂತರ, ಮೆಹ್ರೀನ್ ಹತ್ತನೇ ಕ್ಲಾಸಿಗೆ ಬಂದಾಗ, ಆ ಆಸೆಗೆ ಬಾಗಿಲು ತೆರೆದ ಹಾಗಾಯಿತು. ಹೆಡ್ಮಾಸ್ಟರ್ ಅಂಕಯ್ಯನವರು ಖಾಲಿ ಬಿದ್ದಿದ್ದ ಕೋಣೆಗೆ ಸುಣ್ಣ ಹೊಡೆಸಿ 'ವಿಜ್ಞಾನ ಮಂದಿರ' ಎಂದು ಬೋರ್ಡು ಬರೆಸಿದರು. ಅವರದು ಯಾವಾಗಲೂ ಹಾಗೆಯೇ, ಮೊದಲು ಬೋರ್ಡು, ಆಮೇಲೆ ಸಾಮಾನು. ಸಾಮಾನು ಎಲ್ಲಿಂದ ತರುವುದು ಎಂದು ಸಮಿತಿಯಲ್ಲಿ ಮಾತು ಬಂದಾಗ ದೇವರಾಜು, "ನಮ್ಮ ಹಬೀಬ್ ಸಾಬ್ರು ಅವ್ರಲ್ಲ. ಮರ, ಅರಗು ನಾನು ಕೊಡ್ತೀನಿ, ಮಾಡ್ತಾರೆ ಬುಡಿ" ಎಂದು ಟೀ ಮುಗಿಯುವುದರೊಳಗೆ ಮುಗಿಸಿದರು.

ಏನು ಮಾಡಬೇಕೆಂದು ವಿವರಿಸಲು ವಿಜ್ಞಾನದ ದಿವ್ಯಾ ಮೇಡಂ ಓಣಿಗೆ ಹೊರಟರು. ದಾರಿ ತೋರಿಸಲು ನಾನು. ವಿಜ್ಞಾನದಲ್ಲಿ ನನ್ನ ಪಾಲು ಯಾವತ್ತೂ ದಾರಿ ತೋರಿಸುವುದರಲ್ಲೇ ಮುಗಿದಿದೆ.

ಮೇಡಂ ಪಠ್ಯಪುಸ್ತಕ ಬಿಚ್ಚಿ ಮೂರು ಮಾದರಿ ಹೇಳಿದರು. ಮೊದಲನೆಯದು ಒಂದು ಮರದ ಕೈ, ಅದರ ತುಂಬ ಬಣ್ಣದ ಚುಕ್ಕೆ. ಚರ್ಮದ ಮೇಲೆ ವಾಸಿಸುವ ಸೂಕ್ಷ್ಮಜೀವಿಗಳು.

ಹಬೀಬ್ ಸಾಬರು ತಮ್ಮ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. "ನನ್ನ ಕೈಮೇಲೂ ಅವಾ?"

"ಲಕ್ಷಗಟ್ಟಲೆ. ನನ್ನ ಕೈಮೇಲೂ ಇವೆ."

"ತೊಳೆದ ಮೇಲೂ?"

"ತೊಳೆದರೆ ಹೊರಗಿಂದ ಹತ್ತಿಕೊಂಡ ಕೊಳೆ, ರೋಗದ ಕ್ರಿಮಿ ಹೋಗ್ತವೆ. ಚರ್ಮದಲ್ಲೇ ನೆಲೆಯಾಗಿರೋವು ಅಷ್ಟು ಸುಲಭಕ್ಕೆ ಹೋಗಲ್ಲ. ಹೋಗಲೂಬಾರದು. ಅವು ಜಾಗ ಹಿಡಿದು ಕೂತಿದ್ದರೆ ಕೆಟ್ಟವಕ್ಕೆ ಜಾಗ ಸಿಗೋದು ಕಷ್ಟ."

ಒಳಗಿನಿಂದ ಅವರ ಹೆಂಡತಿ ಶರ್ಫುನ್ನೀಸಾ ಕೂಗಿ ಹೇಳಿದರು. ಆ ಮನೆಯ ಮಾತು ಉರ್ದು. ನಾವು ಹೋದಾಗ ಮಾತ್ರ ಮರ್ಯಾದೆಗೆ ಕನ್ನಡ. "ಹಳೇ ಬಾಡಿಗೆಯೋರು ಖಾಲಿ ಮಾಡದಿದ್ರೆ ಹೊಸಾ ಪುಂಡರು ಬರಕ್ಕಾಗಲ್ಲ. ಅದಕ್ಕೇ ನಾನು ಈ ಮನುಷ್ಯನ್ನ ಇಟ್ಕೊಂಡಿರೋದು."

ಎರಡನೆಯದು ಜೀವಕೋಶದ ಪೊರೆ. ಒಂದೊಂದು ಮಣಿಗೆ ಎರಡೆರಡು ದಾರದ ಬಾಲ, ಅಂಥ ಮಣಿಗಳ ಎರಡು ಸಾಲು, ಬಾಲಗಳು ಒಳಮುಖ, ನಡುನಡುವೆ ಬಾಗಿಲು. ಸಾಬರಿಗೆ ಇದು ಎಡಗೈ ಕೆಲಸ. ಆದರೆ ಮಧ್ಯದಲ್ಲಿ ಬಾಗಿಲುಗಳೇಕೆ ಎಂದು ಕೇಳಿದರು. ಮೇಡಂ ಹೇಳಿದರು: ಗಾಳಿಯಂಥ ಸಣ್ಣವು ಬಾಗಿಲಿಲ್ಲದೆಯೇ ನುಸುಳುತ್ತವೆ, ಸಕ್ಕರೆಯಂಥವಕ್ಕೆ ಬಾಗಿಲು ಬೇಕು, ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ತಾವಾಗಿ ಹರಿಯುತ್ತವೆ, ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೇ ಸಾಗಿಸಬೇಕಾದರೆ ಮಾತ್ರ ಕೋಶ ತನ್ನ ಶಕ್ತಿ ಖರ್ಚು ಮಾಡಬೇಕು.

"ಇಲ್ಲದ ಕಡೆಯಿಂದ ಇರೋ ಕಡೆಗಾ?" ಸಾಬರು ಉಳಿ ಕೆಳಗಿಟ್ಟರು. "ಅದು ನಮ್ಮ ದೇವರಾಜಣ್ಣನ ಅಂಗಡಿ ಮೇಡಮ್ಮೋರೆ. ಶಕ್ತಿ ನಮ್ದು."

ಮೂರನೆಯದು ಡಿಎನ್‌ಎ. ತಿರುಚಿದ ಏಣಿಯ ಹಾಗೆ. ಪ್ರತಿ ಮೆಟ್ಟಿಲೂ ಎರಡು ಬಣ್ಣದ ಜೋಡಿ. ಎ ಎಂಬುದಕ್ಕೆ ಟಿ ಮಾತ್ರ, ಜಿ ಎಂಬುದಕ್ಕೆ ಸಿ ಮಾತ್ರ. ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವುದೆಲ್ಲ, ಮೂಗು, ಕಣ್ಣು, ಗುಂಗುರು ಕೂದಲು, ಇದರಲ್ಲಿ ಬರೆದಿರುತ್ತದೆ ಎಂದರು ಮೇಡಂ.

"ಕೆಂಪಿಗೆ ಹಳದಿ, ಹಸಿರಿಗೆ ನೀಲಿ ಹಾಕೋಣ. ಜೋಡಿ ತಪ್ಪಲ್ಲ ಬುಡಿ, ಆಯುಸ್ಸೆಲ್ಲಾ ಗಿಲಕಿಗೆ ಜೋಡಿ ನೋಡಿದ್ದೇ ಕೆಲಸ" ಎಂದ ಸಾಬರು, ನಾವು ಎದ್ದು ನಿಂತ ಮೇಲೆ, ತಡೆದು ತಡೆದು ಕೇಳಿದರು. "ಕೂಲಿ ಏನೂ ಬೇಡ ಮೇಡಂ. ಏಣಿ ಕೆಳಗೆ ಒಂದು ಸಣ್ಣ ಪಟ್ಟಿ. ಅದ್ರಲ್ಲಿ ನನ್ನ ಹೆಸರು. ಆಗ್ತದಾ?"

"ಯಾಕಾಗಲ್ಲ? ಖಂಡಿತ" ಎಂದರು ದಿವ್ಯಾ ಮೇಡಂ. ಅವರು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ.

ಶರ್ಫುನ್ನೀಸಾ ಟೀ ಲೋಟ ತೆಗೆದುಕೊಳ್ಳುತ್ತಾ, "ಹೆಸರು ರೇಷನ್ ಕಾರ್ಡಲ್ಲಿ ಐತಲ್ಲ, ಸಾಲದಾ?" ಎಂದರು. ಸಾಬರು ಆಗಲೇ ಪುಸ್ತಕದ ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟಿದ್ದರು.

ಕೈ, ಪೊರೆ ಎರಡೂ ಬೇಗನೆ ಮುಗಿದು ಶಾಲೆಯ ಕಪಾಟು ಸೇರಿದವು; ಆ ಏಣಿಯನ್ನು ಅವರು ಮಾಡಿದ ರೀತಿ ಹೇಳಬೇಕು. ಗೊಂಬೆಯವರು ಚಿತ್ರವನ್ನು ಮರಕ್ಕೆ ಇಳಿಸುವುದು ಹೀಗೆ: ತೆಳು ಕಾಗದದಲ್ಲಿ ಪೆನ್ಸಿಲಿನಿಂದ ನಕಲು ತೆಗೆದು, ಪೆನ್ಸಿಲ್ ಬದಿ ಮರಕ್ಕೆ ತಾಗುವಂತೆ ಕಾಗದವನ್ನು ಮಗುಚಿ ಹಾಕಿ, ಬೆನ್ನಿಗೆ ಚಮಚ ತಿಕ್ಕಿದರೆ ಗೆರೆ ಮರಕ್ಕೆ ಹತ್ತುತ್ತದೆ. ಎಡಕ್ಕೆ ನೋಡುತ್ತಿದ್ದ ಕುದುರೆ ಬಲಕ್ಕೆ ನೋಡುತ್ತದೆ. ಆದರೇನಂತೆ? ಕುದುರೆ ಕುದುರೆಯೇ. ಗಿಳಿ ಗಿಳಿಯೇ. ಚನ್ನಪಟ್ಟಣದ ಗೊಂಬೆಗಳಿಗೆ ಎಡ ಬಲ ಎಂಬ ತಾರತಮ್ಯ ಯಾವ ಕಾಲದಲ್ಲೂ ಇರಲಿಲ್ಲ.

ಸಾಬರು ನಯವಾಗಿ ಕಡೆದ ಒಂದು ಕಂಬಕ್ಕೆ ಹಾಗೆಯೇ ಗೆರೆ ಇಳಿಸಿದರು. ಗೆರೆಯುದ್ದಕ್ಕೂ ತೂತು ಕೊರೆದು ಮೆಟ್ಟಿಲು ಕೂಡಿಸಿದರು. ಮೆಟ್ಟಿಲ ತುದಿಗಳನ್ನು ಹಿಡಿದು ಎರಡು ಎಳೆಗಳು ಬಳ್ಳಿಯ ಹಾಗೆ ಸುತ್ತಿಕೊಂಡು ಮೇಲೇರಿದವು. ಶಾಲೆ ಬಿಟ್ಟು ಮನೆಗೆ ಹೋಗುವಾಗ ನಾನು ಇಣುಕುತ್ತಿದ್ದೆ. ಆ ದಿನಗಳಲ್ಲಿ ದೇವರಾಜು ಅವರ ಮಣಿಗಳು ಮೂಲೆಯಲ್ಲಿ ಬಿದ್ದಿದ್ದವು. ಮನುಷ್ಯ ಊಟಕ್ಕೆ ಕೂಗಿದರೂ ಏಳುತ್ತಿರಲಿಲ್ಲ. ಅರಗಿನ ಹೊಳಪು ಹೇಗಿತ್ತೆಂದರೆ ಕೆಂಪು ಮೆಟ್ಟಿಲಿನಲ್ಲಿ ನನ್ನ ಬೋಳುತಲೆ ಕಾಣುತ್ತಿತ್ತು, ಸ್ವಲ್ಪ ಒಳ್ಳೆಯ ಬಣ್ಣದಲ್ಲೇ ಕಾಣುತ್ತಿತ್ತು.

ಉದ್ಘಾಟನೆಯ ದಿನ ಸಾಬರು ಮತ್ತೆ ಬಿಳಿ ಜುಬ್ಬಾದಲ್ಲಿ ಬಂದರು. ಗಾಜಿನ ಪೆಟ್ಟಿಗೆಯ ಮೇಲೆ ಮುಚ್ಚಿದ್ದ ಬಟ್ಟೆ ಸರಿಯಿತು. ಮಕ್ಕಳೆಲ್ಲ ಒಟ್ಟಿಗೆ "ಹೋ" ಎಂದರು. ನಿಜಕ್ಕೂ ಹಾಗೆ ಅನ್ನುವಂತೆಯೇ ಇತ್ತು. ಕೆಳಗೆ ಹಿತ್ತಾಳೆಯ ಪಟ್ಟಿ. ಸಾಬರು ಬಗ್ಗಿ, ಅಕ್ಷರ ಕೂಡಿಸಿ ಕೂಡಿಸಿ ಓದಿದರು: 'ಡಿಎನ್‌ಎ. ಕೊಡುಗೆ: ಶ್ರೀ ದೇವರಾಜು, ಅಧ್ಯಕ್ಷರು, ಶಾಲಾ ಸಮಿತಿ.'

ದಿವ್ಯಾ ಮೇಡಂ ಮುಖ ಕೆಂಪಾಯಿತು. "ಸಾರ್, ಇವರ ಹೆಸರು ಅಂತ ಬರೆದುಕೊಟ್ಟಿದ್ದೆನಲ್ಲ?"

ಅಂಕಯ್ಯನವರು ಸಂಕೋಚದಿಂದಲೇ ಹೇಳಿದರು. "ಬರೆದುಕೊಟ್ಟಿದ್ರಿ ಮೇಡಂ. ಪಟ್ಟಿ ಸಣ್ಣದಾಗೋಯ್ತು. ಅಧ್ಯಕ್ಷರು ಅನ್ನೋದೇ ಅರ್ಧ ಜಾಗ ತಿಂತು."

ದೇವರಾಜು ಸಾಬರ ಹೆಗಲ ಮೇಲೆ ಕೈ ಹಾಕಿದರು. ಮನುಷ್ಯ ಕೆಟ್ಟವರಲ್ಲ, ಲೋಕದ ಎಲ್ಲ ಒಳ್ಳೆಯದೂ ತಮ್ಮ ಅಂಗಡಿಯಿಂದಲೇ ಹೊರಡುತ್ತದೆಂದು ನಂಬಿದವರು. "ಸಾಬ್ರೇ, ನನ್ನ ಹೆಸರಿದ್ರೆ ನಿಮ್ಮದೇ ಇದ್ದಂಗಲ್ವಾ? ನಾವೇನು ಬೇರೇನಾ?"

"ಬೇರೆ ಯಾಕಾಗ್ತೀವಿ ಅಣ್ಣಾ" ಎಂದರು ಸಾಬರು. ಕೊಟ್ಟ ಮೈಸೂರುಪಾಕನ್ನು ತಿನ್ನದೆ ಜೇಬಿಗೆ ಹಾಕಿಕೊಂಡು ಹೋದರು. ಬಿಳಿ ಜುಬ್ಬಾದ ಜೇಬಿನಲ್ಲಿ ತುಪ್ಪದ ಕಲೆ ನಿಧಾನವಾಗಿ ದೊಡ್ಡದಾಗುತ್ತಿತ್ತು.

ಆಮೇಲೆ ಕೆಲವು ತಿಂಗಳು ಎಲ್ಲರೂ ಆ ಏಣಿಯನ್ನು ಹೊಗಳಿದರು. ಬಂದವರೆಲ್ಲ ಫೋಟೊ ತೆಗೆಸಿಕೊಂಡರು, ದೇವರಾಜು ಪಕ್ಕದಲ್ಲಿ ನಿಂತರು. ಹೀಗಿರುವಾಗ ಶಾಲೆಯ ತಪಾಸಣೆಗೆ ಅಧಿಕಾರಿಯೊಬ್ಬರು ಬಂದರು. ಹತ್ತನೇ ಕ್ಲಾಸಿನ ಮಕ್ಕಳನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, "ಇದನ್ನು ನೋಡಿ ಏನು ತಿಳಿದುಕೊಂಡಿರಿ? ಧೈರ್ಯವಾಗಿ ಹೇಳಿ" ಎಂದರು. ಮಕ್ಕಳು ಜೋಡಿ ಬಣ್ಣ ಹೇಳಿದರು. ಮೆಹ್ರೀನ್ ಕೈ ಎತ್ತಿದಳು.

"ಸಾರ್, ಇದು ಎಡಕ್ಕೆ ಸುತ್ತಿದೆ. ಪುಸ್ತಕದ್ದು ಬಲಕ್ಕೆ ಸುತ್ತುತ್ತೆ."

ಅವಳು ಜಾಮಿಟ್ರಿ ಬಾಕ್ಸಿನಿಂದ ಒಂದು ಸ್ಕ್ರೂ ತೆಗೆದಳು, ಮನೆಯ ಲೇತಿನ ಸ್ಕ್ರೂ. ಅದನ್ನು ಗಾಜಿಗೆ ಹಿಡಿದು, "ಸ್ಕ್ರೂ ಮೇಲಿನ ಗೆರೆ ನಮ್ಮೆದುರಿಗೆ ಎಡದಿಂದ ಬಲಕ್ಕೆ ಏರುತ್ತೆ. ಡಿಎನ್‌ಎಯೂ ಹಂಗೇ ಏರಬೇಕು. ಇದು ಬಲದಿಂದ ಎಡಕ್ಕೆ ಏರಿದೆ" ಎಂದಳು. ಅಧಿಕಾರಿ ಪುಸ್ತಕ ತರಿಸಿದರು. ಚಿತ್ರ ನೋಡಿದರು, ಏಣಿ ನೋಡಿದರು, ಸ್ಕ್ರೂ ನೋಡಿದರು. "ಭೇಷ್ ಮರಿ!" ಎಂದು ಅವಳ ಬೆನ್ನು ತಟ್ಟಿ, ಹೆಡ್ಮಾಸ್ಟರ ಕಡೆ ತಿರುಗಿ, "ಏನ್ರೀ ಇದು?" ಎಂದರು.

ಭೇಷ್ ಅನ್ನಿಸಿಕೊಂಡ ಹುಡುಗಿಯ ಮುಖ ಆ ಹೊತ್ತಿಗೇ ಬಿಳಿಚಿತ್ತು. ಯಾರ ಕೈಕೆಲಸದ ಬಗ್ಗೆ ಹೇಳಿದೆನೆಂಬುದು ಹೇಳಿದ ಮೇಲೆ ಹೊಳೆದಿರಬೇಕು.

ಅಧಿಕಾರಿ ಹೋದ ಮೇಲೆ ವಿಜ್ಞಾನ ಮಂದಿರದಲ್ಲಿ ತುರ್ತು ಸಭೆ. ಅಂಕಯ್ಯನವರು ಜವಾನನಿಂದ ಪೆಟ್ಟಿಗೆ ತೆರೆಸಿ, ಏಣಿಯನ್ನು ತಲೆಕೆಳಗು ಮಾಡಿ ನಿಲ್ಲಿಸಿದರು. "ಈಗ ಸರಿಯಾಯ್ತಾ?"

"ಇಲ್ಲ ಸಾರ್. ತಲೆಕೆಳಗಾದರೂ ಎಡಕ್ಕೇ ಸುತ್ತುತ್ತೆ" ಎಂದರು ದಿವ್ಯಾ ಮೇಡಂ.

"ಹಿಂದುಗಡೆಯಿಂದ ನೋಡಿದ್ರೆ?" ಎಂದರು ದೇವರಾಜು.

"ಹಿಂದುಗಡೆಯಿಂದಲೂ ಅದೇ."

ಕನ್ನಡಿ ಎದುರು ಇಟ್ಟರೆ ಹೇಗೆ ಎಂದು ನಾನು ಸುಮ್ಮನೆ ಬಾಯಿಗೆ ಬಂದದ್ದು ಹೇಳಿದೆ. ಮೇಡಂ ಆಶ್ಚರ್ಯದಿಂದ ನನ್ನನ್ನು ನೋಡಿ, "ಅದೊಂದೇ ದಾರಿ ಸಾರ್. ಕನ್ನಡಿಯಲ್ಲಿ ಸರಿಯಾಗಿ ಕಾಣುತ್ತೆ" ಎಂದರು. ಮೂವತ್ತು ವರ್ಷದ ನೌಕರಿಯಲ್ಲಿ ವಿಜ್ಞಾನಕ್ಕೆ ನಾನು ಕೊಟ್ಟ ಏಕೈಕ ಕಾಣಿಕೆ ಅದು. ಕನ್ನಡಿ ಇಟ್ಟರೆ ಹತ್ತನೇ ಕ್ಲಾಸಿನವರು ತಲೆ ಬಾಚಿಕೊಳ್ಳುವುದು ಬಿಟ್ಟು ಬೇರೇನೂ ಕಲಿಯುವುದಿಲ್ಲವೆಂದು ಅಂಕಯ್ಯನವರು ಅದನ್ನು ತಳ್ಳಿಹಾಕಿದರು.

ಮೇಡಂ ಇನ್ನೊಂದು ಮಾತು ಹೇಳಿ ನೋಡಿದರು. "ಎಡಕ್ಕೆ ಸುತ್ತೋ ಡಿಎನ್‌ಎಯೂ ಒಂದು ಬಗೆ ಇದೆ ಸಾರ್, ಅಪರೂಪಕ್ಕೆ."

"ಸಿಲಬಸ್ಸಿನಲ್ಲಿದೆಯಾ?"

"ಇಲ್ಲ."

"ಹಾಗಾದ್ರೆ ತಪ್ಪು."

ದೇವರಾಜು ಆಗಲೇ ಬೆವರು ಒರೆಸಿಕೊಳ್ಳುತ್ತಿದ್ದರು. "ಅಲ್ಲಾ ಸಾರ್, ತಪ್ಪಿರೋದ್ರ ಕೆಳಗೆ ನನ್ನ ಹೆಸರು ಇರೋದಾ? ನಾಳೆ ಮಾಗಡಿಯೋರು, ಕನಕಪುರದೋರು ಬಂದು ನೋಡಿ ನಗಲ್ವಾ? ಮೊದ್ಲು ಅದನ್ನ ತೆಗೆಸಿ. ಮಾಡಿದ್ಯಾರು? ಸಾಬ್ರು ತಾನೆ?"

ಆ ಸಂಜೆ ನಾನು ಓಣಿಗೆ ಹೋದಾಗ ಮೆಹ್ರೀನ್ ಅಡುಗೆಮನೆಯ ಬಾಗಿಲಿಗೆ ಒರಗಿ ಅಳುತ್ತಿದ್ದಳು. ಸಾಬರು ಆ ಹಳೆಯ ಬಟರ್ ಪೇಪರನ್ನು ಬೆಳಕಿಗೆ ಹಿಡಿದು ಒಂದು ಕಡೆಯಿಂದ ನೋಡುತ್ತಿದ್ದರು, ಮಗುಚಿ ಇನ್ನೊಂದು ಕಡೆಯಿಂದ ನೋಡುತ್ತಿದ್ದರು.

"ದಾದಾ, ನಾನು ಹೇಳಬಾರದಿತ್ತು" ಎಂದಳು ಹುಡುಗಿ.

"ಯಾಕೆ ಹೇಳಬಾರದು? ಸರಿಯಾಗೇ ಹೇಳಿದ್ದೀಯ. ನಾನು ಕುದುರೆ ಅಂದ್ಕೊಂಬುಟ್ಟೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಅಷ್ಟೊಂದು ಜನ ಓದಿದೋರು ಪಕ್ಕದಲ್ಲಿ ನಿಂತು ಫೋಟೊ ತೆಗೆಸ್ಕೊಂಡ್ರು. ಒಬ್ರಿಗೂ ಕಾಣಲಿಲ್ಲ. ನಮ್ಮನೆ ಮಗೂಗೆ ಕಾಣಿಸ್ತು" ಎಂದರು. ಆ ದನಿಯಲ್ಲಿ ಹೆಮ್ಮೆ ಎಷ್ಟಿತ್ತು, ನೋವು ಎಷ್ಟಿತ್ತು, ಬೇರ್ಪಡಿಸಲು ನನಗಾಗಲಿಲ್ಲ.

"ಹೊಸದು ಮಾಡ್ತೀನಿ. ಈ ಸಲ ಕಾಗದ ಮಗುಚಲ್ಲ. ಸರಿ ಇದ್ದರೆ ಹೆಸರು ಹಾಕ್ತಾರೆ, ಅಲ್ವಾ?"

ಮಾಡಿದರು. ಮೊದಲಿನದಕ್ಕಿಂತ ಚೆನ್ನಾಗಿತ್ತು. ಮೆಹ್ರೀನ್ ಸ್ಕ್ರೂ ಹಿಡಿದು ಪಕ್ಕದಲ್ಲೇ ಕೂತು ಒಂದೊಂದು ಮೆಟ್ಟಿಲಿಗೂ ತಲೆಯಾಡಿಸಿದ್ದಳಂತೆ. ಒಂದು ಬೆಳಗ್ಗೆ ಸಾಬರು ಅದನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿ, ಕೂಸಿನ ಹಾಗೆ ಎದೆಗವುಚಿಕೊಂಡು ಶಾಲೆಗೆ ತಂದರು. ನಾನೂ ಮೇಡಮ್ಮೂ ಜೊತೆಗೆ ಹೋದೆವು.

ಗಾಜಿನ ಪೆಟ್ಟಿಗೆಯಲ್ಲಿ ಹಳೆಯದೇ ನಿಂತಿತ್ತು. ಕೆಳಗೆ ಹಿತ್ತಾಳೆಯ ಪಟ್ಟಿ ಮಾತ್ರ ಹೊಸದು. ಈ ಸಲ ಜಾಗ ಧಾರಾಳವಾಗಿತ್ತು. 'ಈ ಮಾದರಿಯಲ್ಲಿರುವ ತಪ್ಪನ್ನು ಗುರುತಿಸಿ. ತಯಾರಿಸಿದವರು: ಹಬೀಬ್ ಸಾಬ್, ಗೊಂಬೆ ಕೆಲಸದವರು, ಚನ್ನಪಟ್ಟಣ.'

ಸಾಬರು ಬೆರಳಿಟ್ಟು ಓದಿದರು. ತಮ್ಮ ಹೆಸರು ಬಂದಾಗ ಬೆರಳು ಅಲ್ಲಿ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮತ್ತೆ ಮೊದಲಿಂದ ಓದಿದರು.

"ಸಾರ್, ಇದೇನಿದು?" ದಿವ್ಯಾ ಮೇಡಂ ಅಂಕಯ್ಯನವರ ಕಡೆ ತಿರುಗಿದರು. "ಸರಿಯಾದದ್ದನ್ನ ತಂದಿದ್ದಾರೆ. ಇದನ್ನ ಇಡೋಣ."

ಅಂಕಯ್ಯನವರಿಗೆ ಅರ್ಥವೇ ಆಗಲಿಲ್ಲ. ಅವರ ಪ್ರಕಾರ ಅವರು ಉಪಕಾರವನ್ನೇ ಮಾಡಿದ್ದರು. "ಹೆಸರು ಕೇಳಿದ್ರು, ಹಾಕ್ಸಿದೀನಿ. ಸರಿಯಾದ್ದು ಪುಸ್ತಕದಲ್ಲೇ ಇದೆಯಲ್ಲ ಮೇಡಂ, ಮತ್ಯಾಕೆ? ತಪ್ಪಿರೋದೇ ಪರೀಕ್ಷೆಗೆ ಅನುಕೂಲ. ಅಧಿಕಾರಿಗಳೇ ಒಳ್ಳೆ ಐಡಿಯಾ ಅಂದ್ರು. ಅಲ್ಲದೆ ಪೆಟ್ಟಿಗೆ ಒಂದೇ ಇರೋದು."

"ತಪ್ಪು ಮೊದ್ಲು ಬಂದೈತೆ" ಎಂದರು ಸಾಬರು, ಯಾರಿಗೂ ಅಲ್ಲ ಎಂಬಂತೆ. "ಹೆಸರು ಆಮೇಲೆ ಬಂದೈತೆ."

ಪಟ್ಟಿ ಬದಲಿಸಿ ಎಂದು ಮೇಡಂ ಅರ್ಜಿ ಬರೆದರು. ನಾನು ಕಾಗುಣಿತ ತಿದ್ದಿ ಸಹಿ ಹಾಕಿದೆ. ಅರ್ಜಿ ಅಧ್ಯಕ್ಷರಿಗೆ ಹೋಯಿತು; ಅಲ್ಲಿಗೆ ಹೋದವು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ಬೆಡ್‌ಶೀಟಿನ ಏಣಿ ಕೆಲವು ದಿನ ಲೇತಿನ ಹಿಂದೆ ಒರಗಿ ನಿಂತಿತ್ತು. ಮಣಿ ಒಯ್ಯಲು ಬಂದ ದೇವರಾಜು ಕಣ್ಣಿಗೆ ಬಿತ್ತು. "ಇದು ಸರಿಯಾಗಿ ಸುತ್ತೈತಾ ಸಾಬ್ರೇ? ಮೊಮ್ಮಗಳು ಪಾಸ್ ಮಾಡವ್ಳಾ?" ಎಂದು ಖಚಿತ ಮಾಡಿಕೊಂಡೇ ಕಾರಿಗೆ ಹಾಕಿಸಿದರು. ಈಗ ಅದು ಹೆದ್ದಾರಿ ಅಂಗಡಿಯ ಮುಂಬಾಗಿಲಲ್ಲಿ, ದೀಪದ ಕೆಳಗೆ ನಿಂತಿದೆ. ಬೆಂಗಳೂರಿನ ಶಾಲೆಗಳವರು ನೋಡಿ ಕೇಳುತ್ತಾರಂತೆ. ಪಾದದಲ್ಲಿ ದೇವರಾಜು ಅವರ ಚೀಟಿ. ಅಂಥವನ್ನು ಇನ್ನಷ್ಟು ಮಾಡಿಕೊಡಲು ಸಾಬರಿಗೆ ಹೇಳಿದ್ದಾರೆ, ಸಾಬರು ಮಾಡುತ್ತಿದ್ದಾರೆ. ಎಲ್ಲವೂ ಬಲಕ್ಕೇ ಸುತ್ತುತ್ತವೆ, ಎಲ್ಲದರ ತಳಕ್ಕೂ ಅದೇ ಚೀಟಿ.

ಮೆಹ್ರೀನ್ ಪಿಯುಸಿಗೆ ವಿಜ್ಞಾನ ತೆಗೆದುಕೊಂಡು ರಾಮನಗರಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದಾಳೆ. ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಹತ್ತನೇ ಕ್ಲಾಸಿನವರು ಸಾಲಾಗಿ ಬಂದು ಅವಳ ತಾತನ ತಪ್ಪು ಗುರುತಿಸಿ ಒಂದು ಅಂಕ ಪಡೆಯುತ್ತಾರೆ. ಏನನ್ನಾದರೂ ಉಲ್ಟಾ ಮಾಡಿದವನನ್ನು ಹುಡುಗರು ಬಯ್ಯುವಾಗ "ಲೇ, ಹಬೀಬ್ ಏಣಿ ಮಾಡ್ಬುಟ್ಟೆಯಲ್ಲೋ" ಅನ್ನುವುದನ್ನೂ ಕೇಳಿದ್ದೇನೆ. ಗೋಡೆಯ ಮೇಲಿನ ದಾನಿಗಳಲ್ಲಿ ಯಾರ ಹೆಸರೂ ಹೀಗೆ ಬಾಯಿಗೆ ಬಂದಿಲ್ಲ.

ಮೊನ್ನೆ ಲೇತಿನ ಹತ್ತಿರ ಕೂತಿದ್ದಾಗ ನಾನೇ ಸಮಾಧಾನಕ್ಕೆ ಹೇಳಿದೆ. "ದಿವ್ಯಾ ಮೇಡಂ ಬಿಟ್ಟಿಲ್ಲ ಹಬೀಬ್ ಭಾಯ್. ಮೇಲಿನವರಿಗೂ ಬರೆದಿದ್ದಾರೆ. ಆ ಹಳೇ ಏಣಿ ತೆಗೆಸಿ, ಪೆಟ್ಟಿಗೆಗೆ ಸರಿಯಾದದ್ದು ಹಾಕಿಸ್ತಾರಂತೆ."

ಸಾಬರು ಲೇತು ನಿಲ್ಲಿಸಿದರು. ಅರಗಿನ ಕಡ್ಡಿ ಕೈಯಲ್ಲೇ ಇತ್ತು.

"ಬ್ಯಾಡ ಅನ್ನಿ ಮೇಷ್ಟ್ರೇ" ಎಂದರು. "ಸರಿಯಾದ್ದು ಬಂದ್ರೆ ಯಾರ ಹೆಸರು ಬರ್ತದೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆ ಎಡಗಡೇದನ್ನ ಒಸಿ ಹುಷಾರಾಗಿ ನೋಡ್ಕೊಳ್ಳಿ. ಯಾರಾದ್ರೂ ಸರಿ ಮಾಡಿಬುಟ್ಟಾರು."